ಒಂದು ಉಸಿರು ಹಿಂದೆ

ಊರಿನ ಕುಂಬಾರರೆಲ್ಲ ಇಟ್ಟಿಗೆ ಹೊಯ್ಯಲು ಚಂದ್ರನಿಗೆ ಹೋಗಿ ಆರು ವರ್ಷವಾಯಿತು. ಹೆಂಗಸರು ಕುಂಬಾರನ ಚಕ್ರವಾದ ತಿಗರಿಯನ್ನು ಮುಟ್ಟಬಾರದೆಂಬ ಕಟ್ಟಳೆಯಿದ್ದರೂ ಊರಿಗೆ ಗಡಿಗೆ ಬೇಕಲ್ಲ! ನೀಲವ್ವ ಗಂಡನಿಗೆ ಹೇಳದೆಯೇ ತಿಗರಿಗೆ ಕೂತಿದ್ದಳು.

ಹುಣ್ಣಿಮೆಯ ಸಂಜೆ ಫೋನು ಬಂತು. ಪರದೆಯಲ್ಲಿ ಗಂಡ ಈರಪ್ಪ.

"ತಿಗರಿ ಹೆಂಗೈತಿ?"

"ಮೂಲ್ಯಾಗ ಐತ್ರಿ, ಧೂಳ ಹಿಡದು."

ಚಂದ್ರನಿಂದ ಉತ್ತರ ಬರಲು ಯಾವಾಗಲೂ ಒಂದು ಉಸಿರಿನಷ್ಟು ತಡ.

"ಮತ್ತ ನಿನ್ನ ಹಿಂದ ತಿಗರಿ ಮ್ಯಾಲೆ ಹಸಿ ಗಡಿಗಿ ಕುಂತೈತಲ್ಲ?"

ನೀಲವ್ವ ಬೈಗುಳಕ್ಕೆ ಕಾದು ತಲೆ ತಗ್ಗಿಸಿದಳು.

"ಇಲ್ಲಿ ಬರೇ ಬೂದಿ, ನೀಲಾ. ಹಸಿ ಮಣ್ಣು ಹೆಂಗಿರತೈತಿ ಅನ್ನೂದ ಮರತ ಹೋಗೈತಿ. ತಿರುವು, ನೋಡತೀನಿ."

ಅವಳು ತಿಗರಿ ತಿರುವಿ, ಗಡಿಗೆಯ ಕೊರಳು ಎತ್ತತೊಡಗಿದಳು. ಪರದೆಯಲ್ಲಿ ಈರಪ್ಪನ ಖಾಲಿ ಬೆರಳುಗಳು, ಅವಳಿಗಿಂತ ಒಂದು ಉಸಿರು ಹಿಂದೆ, ಅದೇ ಕೊರಳನ್ನು ತೀಡುತ್ತಿದ್ದವು.