ಕುರ್ಚಿಯ ಮೇಲಿನ ಕರ್ಚೀಫು

"ಮೂವತ್ತೂ ಜಾಗ ಭರ್ತಿಯಾಗಿವೆ, ದಯವಿಟ್ಟು ಕಾಯಿರಿ." ಇಂಗ್ಲಿಷಿನ ಈ ಒಂದು ಸಾಲನ್ನು ಯಮುನಾ ಸೈಬರ್ ಕೆಫೆಯ ಪರದೆಯ ಮೇಲೆ ಮಧ್ಯಾಹ್ನ ಎರಡರಿಂದ ನೋಡುತ್ತ ಕೂತಿದ್ದಳು. ಈಗ ಮೂರೂವರೆ. ಐದರೊಳಗೆ ಮನೆಯ ನಕ್ಷೆ ಸಲ್ಲಿಸದಿದ್ದರೆ ಡಿಪ್ಲೊಮಾದ ಈ ವರ್ಷವೂ ಹೋದ ಹಾಗೆ. ಹೋದ ವರ್ಷ ಅತ್ತೆಯ ಆಪರೇಷನ್ನಿಗೆ ಹೋಗಿತ್ತು.

ನಕ್ಷೆ ಬಿಡಿಸುವ ಸಾಫ್ಟ್‌ವೇರು ಜೀವನ್ ಬಿಮಾ ನಗರದ ಯಾವ ಸೈಬರ್ ಕೆಫೆಯಲ್ಲೂ ಇರಲಿಲ್ಲ. ಇದ್ದದ್ದು ಯೂನಿವರ್ಸಿಟಿಯ ಲ್ಯಾಬಿನಲ್ಲಿ. ಇಂದಿರಾನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು, ಲ್ಯಾಬಿಗೆ ಹೋಗಿ ಬರಲು ಅರ್ಧ ದಿನ ಬೇಕು. ಅದಕ್ಕೇ ಹೊಸ ಏರ್ಪಾಡು ಮಾಡಿದ್ದರು. ಎಲ್ಲಿಂದಾದರೂ ನಿಮ್ಮ ನಂಬರು, ಪಾಸ್‌ವರ್ಡು ಕೊಡಿ, ಯೂನಿವರ್ಸಿಟಿಯ ಕಂಪ್ಯೂಟರೇ ನಿಮ್ಮ ಪರದೆಗೆ ಬರುತ್ತದೆ ಎಂದು ಕರಪತ್ರ ಹಂಚಿದ್ದೇ ಹಂಚಿದ್ದು. ಒಂದು ಹೊತ್ತಿಗೆ ಮೂವತ್ತೇ ಜನ ಎಂಬುದನ್ನು ಮಾತ್ರ ಅದರಲ್ಲಿ ಅಚ್ಚು ಹಾಕಿಸಿರಲಿಲ್ಲ, ಮಹಾನುಭಾವರು.

ಪಕ್ಕದ ಪ್ಲೈವುಡ್ ಗೂಡಿನಿಂದ ಒಬ್ಬ ಹೆಂಗಸು ಎದ್ದಳು. ಮೇಜಿನ ಕೆಳಗೆ ಮಲಗಿದ್ದ ಮೂರು ವರ್ಷದ ಮಗಳು ಎದ್ದು ಅಳುತ್ತಿದ್ದಳು.

"ಅಕ್ಕಾರೆ, ಇಕಿಗೆ ಒಂದಕ್ಕೆ ಬಂದೈತ್ರಿ. ಇಲ್ಲಿ ಬಾತ್‌ರೂಮ್ ಇಲ್ಲಂತ. ಇಲ್ಲೇ ಹಿಂದಿನ ಗಲ್ಲಿಯಾಗ ನಮ್ಮ ರೂಮು, ಹೋಗಿ ಬಂದ್ಬಿಡ್ತೀನಿ. ಕುರ್ಚಿ ಒಂಚೂರು ನೋಡ್ಕೋರಿ."

"ಹೋಗ್ಬನ್ನಿ. ನಾನು ನೋಡ್ಕೋತೀನಿ."

ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಆಕೆ ಕುರ್ಚಿಯ ಮೇಲೆ ಕರ್ಚೀಫು ಹಾಸಿ, ಮಗುವನ್ನು ಎತ್ತಿಕೊಂಡು ಹೊರಟಳು. ಕಂಪ್ಯೂಟರಿನ ಮುಂದೆ ಕರ್ಚೀಫು! ಯಮುನಾಗೆ ಆ ಬೇಜಾರಿನಲ್ಲೂ ಸಣ್ಣಗೆ ನಗು ಬಂತು.

ಇನ್ನೂ ಕಾಲು ಗಂಟೆ ಕಳೆದರೂ ಪರದೆಯ ಮೇಲೆ ಅದೇ ಸಾಲು. ಇನ್ನು ತಡೆಯಲಾರದೆ ಯಮುನಾ ಲ್ಯಾಬಿನ ನಂಬರಿಗೆ ಫೋನು ಹಚ್ಚಿದಳು. ಎತ್ತಿಕೊಂಡವರು ಲ್ಯಾಬ್ ನೋಡಿಕೊಳ್ಳುವ ಶ್ರೀನಿವಾಸ್.

"ಸರ್, ಎರಡು ಗಂಟೆಯಿಂದ ಕಾಯ್ತಾ ಇದೀನಿ."

"ಎಲ್ರೂ ಕಾಯ್ತಿದಾರಮ್ಮಾ. ನಾನೇನು ಮಾಡ್ಲಿ, ಹೇಳಿ?" ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವರ ದನಿಯೂ ಬತ್ತಿತ್ತು. ಆಮೇಲೆ ಕೀಲಿಮಣೆಯ ಸದ್ದು. "ಇರಿ, ಒಂದ್ನಿಮಿಷ. ಇಲ್ಯಾರೋ ಕಾಲು ಗಂಟೆಯಿಂದ ಕೈಯಾಡಿಸಿಲ್ಲ. ತೆರೆದಿಟ್ಟು ಎಲ್ಲೋ ಹೋಗಿದಾರೆ. ಎರಡರಿಂದ ಕಾಯ್ತಿದೀರಿ ಅಂದ್ರೆ ಮುಂದಿನ ಸರದಿ ನಿಮ್ದೇ."

"ತೆಗೀರಿ ಸರ್ ಅವರನ್ನ."

"ಅರ್ಧ ಗಂಟೆ ಆದ್ರೆ ತಾನಾಗೇ ಹೋಗುತ್ತೆ. ನಾನು ಈಗ್ಲೇ ತೆಗೆದ್ರೆ... ಪಾಪ, ಸೇವ್ ಮಾಡಿದಾರೋ ಇಲ್ವೋ."

"ಸೇವ್ ಮಾಡ್ದೆ ಯಾರಾದ್ರೂ ಎದ್ದು ಹೋಗ್ತಾರಾ ಸರ್? ಅವರಿಗೆ ಬೇಕಾಗಿಲ್ಲ, ಹೋಗಿದಾರೆ. ನನಗೆ ಬೇಕು."

ಅಷ್ಟರಲ್ಲಿ ಕೆಫೆಯ ಅಸ್ಗರ್ ಬಂದು ಪಕ್ಕದ ಕುರ್ಚಿಗೆ ಕೈ ಹಾಕಿದ. "ಇದು ಖಾಲೀನಾ ಮೇಡಂ? ಕಸ್ಟಮರ್ ನಿಂತವ್ರೆ."

ಯಮುನಾ ಫೋನಿಗೆ ಅಂಗೈ ಮುಚ್ಚಿ ರೇಗಿದಳು. "ಕರ್ಚೀಫ್ ಕಾಣಲ್ವಾ ಅಸ್ಗರ್ ಭಾಯ್? ಪಾಪ, ಮಗೂನ ಕರ್ಕೊಂಡು ಹೋಗಿದಾರೆ. ಅಷ್ಟೂ ಕಾಯಕ್ಕಾಗಲ್ವಾ ನಿಮಗೆ?"

ಅಸ್ಗರ್ ಕೈ ತೆಗೆದ. ಯಮುನಾ ಅಂಗೈ ತೆಗೆದಳು. "ಹೂಂ ಸರ್, ತೆಗೀರಿ."

ಎರಡು ನಿಮಿಷದಲ್ಲಿ ಅವಳ ಪರದೆ ತೆರೆಯಿತು. ಗೋಡೆಗಳು, ಬಾಗಿಲು, ಹೋದ ವಾರ ಅರ್ಧಕ್ಕೆ ನಿಲ್ಲಿಸಿದ ಅಡುಗೆಮನೆ, ಎಲ್ಲ ಇತ್ತು. ಐದರೊಳಗೆ ಆಗುತ್ತದೆ, ಆಗಿಯೇ ಆಗುತ್ತದೆ ಎಂದುಕೊಂಡು ಅವಳು ಕಿಟಕಿಗಳನ್ನು ಕೂರಿಸತೊಡಗಿದಳು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಆ ಹೆಂಗಸು ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಬಂದಳು. ಕರ್ಚೀಫು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೂತಳು.

"ಅಕ್ಕಾರೆ, ಇದೇನ್ರಿ? ನಂದು ಎಲ್ಲಿ ಹೋತು?"

ಯಮುನಾ ಪ್ಲೈವುಡ್ಡಿನ ಆಚೆ ಬಗ್ಗಿ ನೋಡಿದಳು. ಅದೇ ಸಾಲು. ಮೂವತ್ತೂ ಜಾಗ ಭರ್ತಿಯಾಗಿವೆ.

"ಸೇವ್... ಮಾಡಿರ್ಲಿಲ್ವಾ ನೀವು?"

"ಈಗ ಬರ್ತೀನಲ್ಲಂತ ಹಂಗೇ ಬಿಟ್ಟು ಹೋದೆ. ಮುಂಜಾನಿಂದ ಕುಂತು ಮಾಡಿದ್ದೆ, ಮೆಟ್ಟಿಲು ಒಂದೇ ಉಳಿದಿತ್ತು. ಐದಕ್ಕೆ ಕೊಡಬೇಕಿತ್ತಲ್ಲರೀ." ಆಕೆಯ ಕಣ್ಣು ಯಮುನಾಳ ಪರದೆಗೆ ಹೋಯಿತು. "ನೀವೂ ಇದನ್ನೇ ಓದಾಕತ್ತೀರೇನು? ನಿಮಗೆ ಜಾಗ ಹೆಂಗ ಸಿಕ್ತು?"

ತಾನು ಎದ್ದರೂ ಈ ಜಾಗ ಇವಳಿಗೆ ಸಿಗುವುದಿಲ್ಲ, ಕಾಯುವವರಲ್ಲಿ ಯಾರಿಗೋ ಹೋಗುತ್ತದೆ ಎಂದು ಯಮುನಾ ಒಳಗೊಳಗೇ ಹೇಳಿಕೊಂಡಳು. ಹೇಳಿಕೊಂಡದ್ದರಿಂದ ಏನೂ ಸಮಾಧಾನವಾಗಲಿಲ್ಲ.

"ಯಾರೋ ಎದ್ದು ಹೋದ್ರಂತೆ," ಎಂದಳು.

ಆಕೆ ಕೆನ್ನೆ ಒರೆಸಿಕೊಂಡು ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದಳು. ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿದ ಜೋಳದ ರೊಟ್ಟಿ, ಇನ್ನೂ ಬಿಸಿಯಿತ್ತು.

"ಇದನ್ನ ಬಡಿಯಾಕ ನಿಂತೇ ತಡ ಆತು ನೋಡ್ರಿ. ಎರಡರಿಂದ ಬರೇ ಹೊಟ್ಟಿಲೆ ಕುಂತೀರಿ, ನನ್ನ ಕುರ್ಚಿ ಬ್ಯಾರೆ ಕಾಯ್ದ್ರಿ. ತಗೋರಿ."