ಎಸ್ಕೇಪ್ ಒತ್ತುವ ಮುನ್ನ

ನಮ್ಮಲ್ಲಿ ತೀರಿಕೊಂಡವರು ಹನ್ನೆರಡನೆಯ ದಿನದವರೆಗೆ ಮನೆಯ ಟ್ಯಾಬಿನ ಪುಟದಲ್ಲಿ ಅಕ್ಷರಗಳಾಗಿ ಇರುತ್ತಾರೆ. ಅಂದು ಗಂಡನೋ ಮಗನೋ ಎಸ್ಕೇಪ್ ಒತ್ತಿ ಪುಟ ಮುಚ್ಚಿದರೆ ಅವರಿಗೆ ಸದ್ಗತಿ. ಸೂತಕದವರು ಪರದೆಗೆ ಬೆರಳು ತಾಗಿಸುವಂತಿಲ್ಲ. ಅದಕ್ಕೇ ನಾನೂ ಎಲ್ಲರಂತೆ ಕೀಬೋರ್ಡು ತೊಳೆದು, ಮಡಿಯುಟ್ಟು ಕುಳಿತೆ.

"ಒತ್ರಿ ರಾಯರ," ಎಂದರು ಪುರೋಹಿತರಾದ ಗುಂಡಾಚಾರ್ಯರು.

ಒತ್ತಿದೆ. ಪುಟ ಮುಚ್ಚಲಿಲ್ಲ. ನನ್ನ ಹೆಂಡತಿ ಇಂದುಮತಿಯ ಅಕ್ಷರಗಳು ಮೂಡಿದವು: "ಉಂಡೀರೇನು?"

"ನೀ ಹೋಗೂತನಕ ನಾ ಉಣ್ಣೂ ಹಂಗಿಲ್ಲ," ಎಂದು ಬರೆದೆ.

"ನೀವು ಉಣ್ಣೂತನಕ ನಾ ಹೋಗಂಗಿಲ್ಲ. ಸಕ್ಕರಿ ಬ್ಯಾನಿ ಇಟ್ಕೊಂಡು ಉಪವಾಸ ಏನ್ರಿ ನಿಮ್ಮದು?"

ಆಚಾರ್ಯರು ಬಿಸಿಲು ನೋಡಿದರು. "ರಾಯರ, ಹೊತ್ತು ಮುಳುಗೂದರಾಗ ಮುಚ್ಚದಿದ್ರ ಅವರು ಪುಟದಾಗ ಉಳೀತಾರ. ಮುಂದ ಗತಿ ಇಲ್ಲ. ಆದ್ರ ಊಟ ಮಾತ್ರ ಶಾಸ್ತ್ರಕ್ಕ ಒಪ್ಪೂದಿಲ್ಲ."

ಪುಟದಲ್ಲಿ ಮತ್ತೊಂದು ಸಾಲು ಬಂತು: "ಆಚಾರ್ಯರು ಅಡಿಗಿಮನ್ಯಾಗ ಅವಲಕ್ಕಿ ತಿಂದು ಬಂದಾರ. ಮೀಸಿಗೆ ಇನ್ನೂ ಹತ್ತೇದ."

ಆಚಾರ್ಯರು ಮೀಸೆ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಕುಳಿತರು. "ಒಂದ ತುತ್ತು ಉಣ್ರಿ. ನಾ ಏನೂ ನೋಡಿಲ್ಲ."

ಹುಟ್ಟಿದಾಗಿನಿಂದ ಒಂದು ನಿಯಮವನ್ನೂ ಮೀರದ ನಾನು, ಅವಳಿಗೆಂದು ಬಡಿಸಿದ್ದ ಎಲೆಯಿಂದಲೇ ಅನ್ನ ಕಲಸಿ ಬಾಯಿಗಿಟ್ಟೆ.

"ಉಪ್ಪು?" ಎಂದು ಕೇಳಿದಳು.

"ಕಡಿಮಿ ಆಗೇದ," ಎಂದು ಎಡಗೈಯಿಂದ ಬರೆದೆ.

"ಹಾಕ್ಕೋರಿ. ಯಾರನ್ನ ಕೇಳ್ತೀರಿ ಇನ್ನ?"

ಹಾಕಿಕೊಂಡು ಇನ್ನೊಂದು ತುತ್ತು ಬಾಯಿಗಿಟ್ಟೆ. ಆಮೇಲೆ ಎಸ್ಕೇಪ್ ಒತ್ತಿದಾಗ ಪುಟ ಸದ್ದಿಲ್ಲದೆ ಮುಚ್ಚಿಕೊಂಡಿತು. ಅನ್ನ ಇನ್ನೂ ಬಾಯಲ್ಲೇ ಇತ್ತು.