ಜೋಡಿ ಗೂಡು

“ನೀನು ಆರಿಸಿದ್ದು ನೋಡು ಇದು!” ಎಂದು ಕದಿರಮ್ಮ ಕುದಿನೀರಿನಿಂದ ಒಂದು ರೇಷ್ಮೆಗೂಡನ್ನು ಎತ್ತಿ ಎಸೆದಳು. ಅದು ಮಗ ಮುನಿಶಾಮಪ್ಪನ ಕಾಲ ಬಳಿ ಬಿತ್ತು. “ಜೋಡಿ ಗೂಡು ಕಣಪ್ಪ. ಒಂದು ಹುಳ ಕಟ್ಟಿದ್ರೆ ಕೊನೇವರ್ಗೂ ಒಂದೇ ಎಳೆ ಬರ್ತದೆ. ಎರಡು ಸೇರಿ ಕಟ್ಟಿದ್ನ ಯಾರಿಂದ್ಲೂ ಒಂದೆಳೆಯಾಗಿ ಬಿಚ್ಚಕ್ಕಾಗಲ್ಲ. ಕಾಲೇಜಲ್ಲಿ ಲೆಕ್ಕ ಹೇಳ್ಕೊಡೋನು, ಒಂದ್ಯಾವ್ದು ಎರಡ್ಯಾವ್ದು ಗೊತ್ತಾಗಲ್ವಾ?”

ಅವನ ನಗು ಅರ್ಧಕ್ಕೇ ನಿಂತಿತು. ಎಲ್ಲೂ ಸೊನ್ನೆಗಿಂತ ಕೆಳಗಿಳಿಯದ ತ್ರಿಕೋನಮಿತಿಯ ಬಹುಪದೋಕ್ತಿಯಲ್ಲಿ ಚರಾಕ್ಷರ ಒಂದೇ ಇದ್ದರೆ, ಅದನ್ನು ಇನ್ನೊಂದು ಬಹುಪದೋಕ್ತಿಯ ಪರಿಮಾಣದ ವರ್ಗವಾಗಿ ಬಿಡಿಸಬಹುದು. ಅದು ಹಳೆಯ ಪ್ರಮೇಯ. ‘ಚರಾಕ್ಷರ ಎರಡಿದ್ದರೂ ಹೀಗೆಯೇ’ ಎಂದು ಅವನು ತನ್ನ ಮಹಾಪ್ರಬಂಧದಲ್ಲಿ ಒಂದು ಸಾಲು ಬರೆದು, ಆರು ವರ್ಷದ ದುಡಿಮೆಯನ್ನೆಲ್ಲ ಅದರ ಮೇಲೆ ನಿಲ್ಲಿಸಿದ್ದ. ಆ ಸಾಲನ್ನು ಮಾತ್ರ ಪರೀಕ್ಷಿಸಿರಲಿಲ್ಲ.

ಇದ್ದಿಲ ಚೂರಿನಿಂದ ನೆಲದ ಮೇಲೆ ಬರೆದ: ನಾಲ್ಕು, ಎಕ್ಸ್‌ನ ಕೊಸೈನು, ವೈಯ ಕೊಸೈನು, ಮೂರನ್ನೂ ಕೂಡಿಸಿದ್ದು. ಎರಡಕ್ಕಿಂತ ಕೆಳಗೆ ಎಂದೂ ಇಳಿಯದು. ಬಿಡಿಸಲು ಹೋದ. ಒಂದು ಕಡೆ ಹೊಂದಿದರೆ ಇನ್ನೊಂದು ಕಡೆ ಬೇಡದ ಪದ ಹುಟ್ಟುತ್ತಿತ್ತು. ಮೂರನೆಯ ಸಲವೂ ಅದೇ; ಪ್ರಬಂಧದ ಆ ಸಾಲೇ ಸುಳ್ಳು.

“ಅಮ್ಮಾ, ಅಪ್ಪ ಎಲ್ಲಿ?”

“ಅಚ್ಚಿಗೆ ಕೊಡಕ್ಕೆ ಅಂತ ನಿನ್ನ ಪ್ರಬಂಧದ ಕಟ್ಟು ಟವಲಲ್ಲಿ ಸುತ್ಕೊಂಡು ಮೊದಲ್ನೇ ಬಸ್ಸಿಗೇ ಶಿಡ್ಲಘಟ್ಟಕ್ಕೆ ಹೋದ್ರಲ್ಲಪ್ಪ. ಅಚ್ಚಿನ ದುಡ್ಡಿಗೆ ಜಮೀನು ಮಾರಿದ್ದು ಇಷ್ಟೊತ್ತಿಗೆ ರಿಜಿಸ್ಟ್ರಿ ಆಗಿರ್ತದೆ. ಯಾಕೋ, ಮುಖ ಹಂಗಾಯ್ತು?”

ಮುನಿಶಾಮಪ್ಪ ಕಾಲ ಬಳಿಯ ಗೂಡನ್ನು ಎತ್ತಿಕೊಂಡು, ತುದಿ ಹುಡುಕಿ ಮೆಲ್ಲಗೆ ಎಳೆದ. ಗೇಣುದ್ದ ಬಂದು ತುಂಡಾಯಿತು.